ಎಂಬತ್ತು ದಾಟಿದವರ ತೊಡೆಮೂಳೆ ಮುರಿದಾಗ: ಆಪರೇಷನ್, ಐಸಿಯು ತೀರ್ಮಾನ ಯಾರ ಜೊತೆ ಕೂತು, ಹೇಗೆ ಮಾಡಬೇಕು?

ವಾರ್ಡ್_ಸಮಾಲೋಚಕಿ

ಎಕ್ಸ್‌ರೇ ಬರುತ್ತದೆ. ಡಾಕ್ಟರು ಕಾರಿಡಾರಿಗೆ ಬಂದು ಮಗನನ್ನೋ ಅಳಿಯನನ್ನೋ ಪಕ್ಕಕ್ಕೆ ಕರೆಯುತ್ತಾರೆ. "ವಯಸ್ಸಾಗಿದೆ, ರಿಸ್ಕ್ ಇದೆ, ಏನ್ಮಾಡೋಣ ಹೇಳಿ" ಅನ್ನುತ್ತಾರೆ. ಐದು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಒಳಗೆ ಮಲಗಿರುವ ಅಜ್ಜಿಗೆ ಪೂರ್ತಿ ಎಚ್ಚರವಿರುತ್ತದೆ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ. ಹೀಗಾಗಬಾರದು ಅನ್ನುವುದರಲ್ಲಿ ಇಲ್ಲಿ ಯಾರಿಗೂ ತಕರಾರಿರಲಿಕ್ಕಿಲ್ಲ. ಹಾಗಾದರೆ ಹೇಗಾಗಬೇಕು? ಒಂದೇ ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಇದು ಕಲ್ಪಿತ, ಆದರೆ ಯಾವ ಮೂಳೆ ವಾರ್ಡಿನಲ್ಲೂ ಕಾಣುವಂಥದ್ದು.

ಒಬ್ಬ ಅಜ್ಜಿ. ವಯಸ್ಸು 82, ತೂಕ 45 ಕೆಜಿ. ಬಚ್ಚಲಲ್ಲಿ ಜಾರಿ ಬಿದ್ದು ಬಲತೊಡೆಮೂಳೆಯ ಕುತ್ತಿಗೆ ಮುರಿದಿದೆ, ತುಂಡು ಜರುಗಿದೆ. ಬಿಪಿ, ಸಕ್ಕರೆ ಎರಡೂ ಇವೆ. ಕ್ರಿಯಾಟಿನಿನ್ 1.8, ಅಂದರೆ ಕಿಡ್ನಿ ಸ್ವಲ್ಪ ಸೋತಿದೆ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನಡೆಯುತ್ತಿದೆ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು, ಸ್ನಾನಕ್ಕೆ ಒಬ್ಬರು ಜೊತೆಗಿರಬೇಕಿತ್ತು. ಮಾತು, ನೆನಪು ಚೆನ್ನಾಗಿವೆ.

ಮೊದಲು ಏನನ್ನು ತಿಳಿಸಬೇಕು, ಏನನ್ನು ಕೇಳಬೇಕು, ಯಾವ ಕ್ರಮದಲ್ಲಿ?

ಮೂಳೆ_ವಾರ್ಡ್

ಮೊದಲು ಒಂದು ತಪ್ಪು ಕಲ್ಪನೆ ತೆಗೆಯಬೇಕು. "ಈ ವಯಸ್ಸಿಗೆ ಕೊಯ್ಯೋದು ಬೇಡ, ಮನೆಗೆ ಕರಕೊಂಡು ಹೋಗಿ ನೋಡಿಕೊಳ್ತೀವಿ" ಅನ್ನುವವರು, ಆಪರೇಷನ್ ಬಿಟ್ಟರೆ ಅಜ್ಜಿ ಇದ್ದಂತೆಯೇ ಇರುತ್ತಾರೆ ಅಂದುಕೊಂಡಿರುತ್ತಾರೆ. ಜರುಗಿದ ಕುತ್ತಿಗೆ ಮುರಿತ ಈ ವಯಸ್ಸಿನಲ್ಲಿ ತಾನಾಗಿ ಕೂಡುವುದಿಲ್ಲ ಅಂತಲೇ ಹೇಳಬೇಕು. ಮಗ್ಗುಲು ತಿರುಗಿಸಿದರೆ ನೋವು, ಬೆಡ್‌ಪ್ಯಾನ್ ಇಟ್ಟರೆ ನೋವು. ನೋವಿಗೆ ಹೆದರಿ ಅಲುಗಾಡದೆ ಮಲಗಿದರೆ ಕೆಲವೇ ದಿನಗಳಲ್ಲಿ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು ಶುರು. ಆಮೇಲೆ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೂತ್ರದ ಸೋಂಕು. ಆದ್ದರಿಂದ ಇದು ಬದುಕಿಸುವ ಆಪರೇಷನ್ ಆಗಿರುವಷ್ಟೇ ನೋವು ಕಳೆಯುವ ಆಪರೇಷನ್ನೂ ಹೌದು. ನೋವು ತಗ್ಗಿ, ಎತ್ತಿ ಕೂರಿಸುವುದು ಸಾಧ್ಯವಾಗುತ್ತದೆ.

ಈ ಅಜ್ಜಿಗೆ ಮಾಡುವುದು ಹೆಮಿಆರ್ತ್ರೋಪ್ಲಾಸ್ಟಿ, ಅಂದರೆ ಮುರಿದ ತೊಡೆಮೂಳೆಯ ತಲೆ ತೆಗೆದು ಕೃತಕ ಗುಂಡು ಕೂರಿಸುವುದು, ಜನರ ಮಾತಲ್ಲಿ "ಬಾಲ್ ಹಾಕೋದು". ಮುರಿತ ಸ್ವಲ್ಪ ಕೆಳಗೆ, ಟ್ರೊಕ್ಯಾಂಟರ್ ಭಾಗದಲ್ಲಿದ್ದರೆ ಮೂಳೆಯೊಳಗೆ ರಾಡ್, ಡಾಕ್ಟರ ಮಾತಲ್ಲಿ ಪಿಎಫ್‌ಎನ್. ಯಾವುದಾದರೂ ಒಂದೆರಡು ಗಂಟೆಯ ಕೆಲಸ. ಆಸ್ಪತ್ರೆಗೆ ಬಂದ 48 ಗಂಟೆಯೊಳಗೆ ಮಾಡುವುದು ಗುರಿ, ಬ್ರಿಟನ್ನಿನಲ್ಲಿ 36 ಗಂಟೆ.

ಜೊತೆಗೆ ಮುಚ್ಚಿಡದೆ ಹೇಳಬೇಕಾದ್ದು: ಆಪರೇಷನ್ ಚೆನ್ನಾಗಿ ಆದರೂ ಈ ವಯಸ್ಸಿನವರಲ್ಲಿ ಒಂದು ವರ್ಷದೊಳಗೆ ತೀರಿಕೊಳ್ಳುವವರು ನೂರಕ್ಕೆ 20ರಿಂದ 30. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬೀಳುವ ಮುಂಚಿನ ಓಡಾಟಕ್ಕೆ ಮರಳುವುದಿಲ್ಲ. "ಸಕ್ಸಸ್" ಅನ್ನುವ ಪದವನ್ನು ನಾವು ಎಕ್ಸ್‌ರೇ ನೋಡಿ ಬಳಸುತ್ತೇವೆ, ಮನೆಯವರು ಮೊದಲಿನಂತೆ ನಡೆಯುತ್ತಾರೆ ಅಂತ ಕೇಳಿಸಿಕೊಳ್ಳುತ್ತಾರೆ.

ಅರಿವಳಿಕೆ_ಕೊಠಡಿ

ತಡ ಎಲ್ಲಿ ಆಗುತ್ತದೆ ಅನ್ನುವುದು ಮನೆಯವರಿಗೆ ಗೊತ್ತಿರಲಿ. "ಫಿಟ್‌ನೆಸ್ ಬಂದಿಲ್ಲ" ಅಂತ ಎರಡು ಮೂರು ದಿನ ಉರುಳುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಕಾಯುವುದು ಒಂದು. ಹೃದಯದ ಕವಾಟ ಕಿರಿದಾದಂಥ ಸದ್ದು ಸ್ಟೆತಾಸ್ಕೋಪಿನಲ್ಲಿ ಕೇಳಿದರೆ, ಹೊಸದಾಗಿ ಉಸಿರುಕಟ್ಟು ಬಂದಿದ್ದರೆ ಎಕೋ ಬೇಕು. ಅದನ್ನೂ ಹಾಸಿಗೆಯ ಪಕ್ಕದಲ್ಲೇ ಅದೇ ದಿನ ಮಾಡಬಹುದು. ಎಲ್ಲರಿಗೂ ರೂಢಿಗೆಂದು ಮಾಡಿಸಿ, ಅದರ ರಿಪೋರ್ಟಿಗಾಗಿ ಕಾಯುತ್ತಾ ಕೂರುವುದು ಅಜ್ಜಿಗೆ ನಷ್ಟ.

ಎರಡನೆಯದು ಕ್ಲೋಪಿಡೋಗ್ರೆಲ್. ಅರಿವಳಿಕೆಗೆ ಬೆನ್ನಿಗೆ ಇಂಜೆಕ್ಷನ್ ಕೊಡಬೇಕಾದರೆ ಈ ಮಾತ್ರೆ ನಿಲ್ಲಿಸಿ 5ರಿಂದ 7 ದಿನ ಆಗಬೇಕು ಅನ್ನುವುದು ನಿಯಮ. ಆ ಕಾರಣಕ್ಕೆ ವಾರ ಮಲಗಿಸುವುದು ತಪ್ಪು ಲೆಕ್ಕ. ಪೂರ್ತಿ ಅರಿವಳಿಕೆ ಕೊಟ್ಟು, ತೊಡೆಯ ನರಕ್ಕೆ ಬ್ಲಾಕ್ (ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಹಾಕಿ ಬೇಗ ಮುಗಿಸಬಹುದು. "ಫುಲ್ ಅನಸ್ತೇಶಿಯಾ ವಯಸ್ಸಾದವರು ತಡೆಯಲ್ಲ" ಅನ್ನುವ ನಂಬಿಕೆ ಬಲವಾಗಿದೆ. ಆದರೆ 2021ರಲ್ಲಿ ಬಂದ ರೀಗೇನ್ ಅಧ್ಯಯನದಲ್ಲಿ ಬೆನ್ನಿನ ಮದ್ದನ್ನೂ ಪೂರ್ತಿ ಅರಿವಳಿಕೆಯನ್ನೂ ಹೋಲಿಸಿದಾಗ, 60 ದಿನದ ಹೊತ್ತಿಗೆ ಬದುಕಿ ನಡೆದಾಡುವುದರಲ್ಲಿ ಬೆನ್ನಿನ ಮದ್ದು ಮೇಲು ಅಂತ ಕಾಣಲಿಲ್ಲ. ಆಪರೇಷನ್ ಆದ ಮೇಲೆ ತಲೆಗೆ ಆಗುವ ಗಲಿಬಿಲಿಯೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆಸ್ಪಿರಿನ್‌ಗಾಗಿ ಕಾಯಬೇಕಾಗಿಯೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ವಿಟಮಿನ್ ಕೆ ಕೊಟ್ಟು, ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ ಅನ್ನು 1.5ಕ್ಕಿಂತ ಇಳಿಸಿಕೊಳ್ಳುತ್ತೇವೆ. ಅದೇ ಬಗೆಯ ಅಪಿಕ್ಸಬಾನ್, ರಿವರಾಕ್ಸಬಾನ್ ಇದ್ದರೆ ಕಿಡ್ನಿ ನೋಡಿಕೊಂಡು ಸಮಯ ಲೆಕ್ಕ ಹಾಕಬೇಕು.

ಬಂದ ಕೂಡಲೇ ಕೇಳಬೇಕಾದ್ದು ನರದ ಬ್ಲಾಕ್. ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಸಂದಿನ ಪೊರೆಯ ಕೆಳಗೆ ಮರಗಟ್ಟಿಸುವ ಮದ್ದಾದ 0.25% ಬುಪಿವಕೇನ್ 30 ಎಂಎಲ್. ಅಂದರೆ 75 ಮಿಗ್ರಾಂ. 45 ಕೆಜಿಗೆ ಕೆಜಿಗೆ 2 ಮಿಗ್ರಾಂ ಮಿತಿ ಹಾಕಿದರೆ 90, ಆ ಗಡಿಯೊಳಗೇ ಇದೆ. ಹಲವು ಗಂಟೆ ನೋವು ತಡೆಯುತ್ತದೆ, ತಲೆ ಮಂಕಾಗುವುದಿಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನೋವಲ್ಲಿ ನರಳುತ್ತಿರುವವರನ್ನೋ, ಟ್ರಮಡಾಲ್ ಕೊಟ್ಟು ಅಮಲೇರಿದವರನ್ನೋ "ನಿಮಗೇನು ಬೇಕು" ಅಂತ ಕೇಳಿ ಬರುವ ಉತ್ತರ ಉತ್ತರವಲ್ಲ. ಮೊದಲು ಬ್ಲಾಕ್, ಒಂದು ಗಂಟೆ ಬಿಟ್ಟು ಮಾತು.

ಓದುಗ_ಶಿವಮೊಗ್ಗ

ಹಾಗಾದರೆ ಎಲ್ಲರಿಗೂ ಆಪರೇಷನ್ ಮಾಡಿಸಲೇಬೇಕು ಅಂತಾಯಿತಲ್ಲ ಸರ್? ಇನ್ನು ಚರ್ಚೆಗೆ ಉಳಿದಿದ್ದೇನು?

ನೋವು_ಉಪಶಮನ

ಎಲ್ಲರಿಗೂ ಅಲ್ಲ. ನೆದರ್‌ಲೆಂಡ್ಸ್‌ನಲ್ಲಿ ವೃದ್ಧರ ಆರೈಕೆ ಮನೆಗಳಲ್ಲಿದ್ದ, ತೀರಾ ಬಳಲಿದ ರೋಗಿಗಳ ಮೇಲೆ ಒಂದು ಅಧ್ಯಯನ ನಡೆದು 2022ರಲ್ಲಿ ಪ್ರಕಟವಾಯಿತು. ಕೂತು ಮಾತಾಡಿ ತೀರ್ಮಾನಿಸಿದ ಮೇಲೆ ಅರ್ಧದಷ್ಟು ಮಂದಿ ಆಪರೇಷನ್ ಬೇಡ ಅಂದರು. ಬೇಡ ಅಂದವರಲ್ಲಿ ನೂರಕ್ಕೆ 83 ಮಂದಿ 30 ದಿನದೊಳಗೆ ತೀರಿಕೊಂಡರು, ಮಾಡಿಸಿಕೊಂಡವರಲ್ಲಿ 25. ಆದರೆ ಉಳಿದ ದಿನಗಳ ನೆಮ್ಮದಿಯ ಅಳತೆಯಲ್ಲಿ ಬೇಡ ಅಂದವರು ಹಿಂದೆ ಬೀಳಲಿಲ್ಲ. ಎರಡೂ ಅಂಕಿಗಳನ್ನು ಒಟ್ಟಿಗೇ ಹೇಳಬೇಕು. "ಆಪರೇಷನ್ ಇಲ್ಲದೆಯೂ ಚೆನ್ನಾಗಿರ್ತಾರೆ" ಅಂತ ಅರ್ಧ ಹೇಳಿದರೆ ಮೋಸ.

ಅಲ್ಲಿ ಬೇಡ ಅಂದವರಿಗೆ ನೋವಿನ ಮದ್ದು, ಆರೈಕೆ ಎರಡೂ ಕ್ರಮವಾಗಿ ಸಿಕ್ಕಿತು. ನಮ್ಮಲ್ಲಿ "ಲಾಮಾ"ಗೆ, ಅಂದರೆ ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇವೆ ಅನ್ನುವ ಪತ್ರಕ್ಕೆ, ಸಹಿ ಹಾಕಿಸಿಕೊಂಡು ಆಂಬುಲೆನ್ಸ್ ಹತ್ತಿಸಿದರೆ ಮನೆಯಲ್ಲಿ ಸಿಗುವುದು ಪ್ಯಾರಾಸಿಟಮಾಲ್ ಮಾತ್ರ. ಆಪರೇಷನ್ ಬೇಡ ಅನ್ನುವುದೂ ಒಂದು ಚಿಕಿತ್ಸೆಯ ಯೋಜನೆ ಆಗಬೇಕು: ಬ್ಲಾಕ್ ಅಥವಾ ಮಾರ್ಫಿನ್, ಮಲಬದ್ಧತೆಗೆ ಮದ್ದು, ಏರ್ ಬೆಡ್, ಎರಡು ಗಂಟೆಗೊಮ್ಮೆ ಮಗ್ಗುಲು, ರಾತ್ರಿ ಫೋನ್ ಎತ್ತುವ ಒಬ್ಬರು. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಇಡುವುದು ಸುಲಭವಾಗಿದೆ. ಕಿಡ್ನಿ ಸೋತಿರುವವರಲ್ಲಿ ಅದು ಮೈಯಲ್ಲಿ ಉಳಿದುಬಿಡುತ್ತದೆ, ಹಾಗಾಗಿ ಈ ಅಜ್ಜಿಯಂಥವರಿಗೆ ಪ್ರಮಾಣ ಕಡಿಮೆ, ಅಂತರ ಹೆಚ್ಚು, ಅಥವಾ ಬೇರೆ ಮದ್ದು.

ಯಾರಿಗೆ ಯಾವುದು ಅನ್ನಲು ವಯಸ್ಸಿಗಿಂತ ಮೈಯ ಬಲ ಮುಖ್ಯ. ಕೆನಡಾದಲ್ಲಿ ಹುಟ್ಟಿದ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್, ಅಂದರೆ ಮೈ ಎಷ್ಟು ಬಳಲಿದೆ ಅನ್ನುವ ಅಳತೆ, 1ರಿಂದ 9ರವರೆಗೆ ಇದೆ. 5 ಅಂದರೆ ಹಣಕಾಸು, ಮಾತ್ರೆ, ಭಾರದ ಮನೆಗೆಲಸಕ್ಕೆ ನೆರವು ಬೇಕು. 6ಕ್ಕೆ ಸ್ನಾನ, ಮೆಟ್ಟಿಲು. 7ಕ್ಕೆ ಎಲ್ಲಕ್ಕೂ ಇನ್ನೊಬ್ಬರು. ಬಿದ್ದು ಮಲಗಿರುವ ಇವತ್ತಿನ ಸ್ಥಿತಿಗೆ ಅಂಕ ಕೊಡಬಾರದು, ಎರಡು ವಾರ ಹಿಂದೆ ಹೇಗಿದ್ದರು ಅಂತ ಕೇಳಬೇಕು. ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರ: "ಅಡುಗೆ ಮಾಡ್ತಾರಾ, ಅಂಗಡಿಗೆ ಹೋಗ್ತಾರಾ" ಅಂದರೆ "ಇಲ್ಲ" ಅನ್ನುತ್ತಾರೆ. ಸೊಸೆ ಬಂದ ಮೇಲೆ ಅಡುಗೆಮನೆ ಬಿಟ್ಟಿರುತ್ತಾರೆ ಅಷ್ಟೆ. "ಒಬ್ಬರೇ ಇದ್ದಿದ್ದರೆ ಅನ್ನ ಸಾರು ಮಾಡಿಕೊಳ್ಳಲು ಆಗುತ್ತಿತ್ತಾ" ಅಂತ ಕೇಳಿ. ಅಂಕ ಒಂದೆರಡು ಬದಲಾಗಿಬಿಡುತ್ತದೆ. ನಮ್ಮ ಉದಾಹರಣೆಯ ಅಜ್ಜಿ 6ರ ಹತ್ತಿರ.

ವಾರ್ಡ್_ಸಮಾಲೋಚಕಿ

ಇನ್ನು ಮಾತಿನ ಕ್ರಮ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ಜನ್‌ಗಳು ಇಂಥ ಸಂದರ್ಭಕ್ಕೆಂದೇ ಒಂದು ಚಿತ್ರದ ವಿಧಾನ ರೂಪಿಸಿದ್ದಾರೆ. ಬಿಳಿ ಹಾಳೆ, ಪೆನ್ನು ಸಾಕು. ಎರಡು ನೇರ ಗೆರೆ ಎಳೆಯಿರಿ, ಒಂದರ ಮೇಲೆ "ಆಪರೇಷನ್", ಇನ್ನೊಂದರ ಮೇಲೆ "ಆಪರೇಷನ್ ಇಲ್ಲದೆ ಆರೈಕೆ". ಗೆರೆಯ ತುದಿಗೆ ನಕ್ಷತ್ರ, ಅದು ಎಲ್ಲ ಒಳ್ಳೆಯದಾದರೆ. ಬುಡಕ್ಕೆ ಚೌಕ, ಎಲ್ಲ ಕೆಟ್ಟರೆ. ನಡುವೆ ಎಲ್ಲೋ ಒಂದು ಉರುಟು, ಅದು ಆಗುವ ಸಾಧ್ಯತೆ ಹೆಚ್ಚಿರುವುದು. ಪ್ರತಿಯೊಂದಕ್ಕೂ ಶೇಕಡಾ ಬೇಡ, ಬದುಕು ಹೇಗಿರುತ್ತದೆ ಅಂತ ಮಾತಲ್ಲಿ ಹೇಳಿ.

ಈ ಅಜ್ಜಿಗೆ, ಆಪರೇಷನ್ ಗೆರೆಯಲ್ಲಿ. ನಕ್ಷತ್ರ: "ನಾಡಿದ್ದಿನೊಳಗೆ ಆಪರೇಷನ್, ಮರುದಿನ ವಾಕರ್ ಹಿಡಿದು ನಿಲ್ತೀರಿ, ವಾರ ಹತ್ತು ದಿನಕ್ಕೆ ಮನೆ, ಮೂರು ತಿಂಗಳಿಗೆ ಮತ್ತೆ ಕೋಲು." ಉರುಟು: "ಎರಡು ಮೂರು ದಿನ ಗಲಿಬಿಲಿ ಆಗಬಹುದು, ರಕ್ತ ಕೊಡಬೇಕಾಗಬಹುದು, ಕಿಡ್ನಿ ಸ್ವಲ್ಪ ಏರುಪೇರು. ಆಮೇಲೆ ವಾಕರ್ ಕಾಯಂ, ಬಚ್ಚಲಿಗೆ ಹೋಗಲೂ ಒಬ್ಬರು ಬೇಕು." ಚೌಕ: "ಹೃದಯಕ್ಕೋ ಶ್ವಾಸಕೋಶಕ್ಕೋ ಪೆಟ್ಟಾಗಿ ಐಸಿಯು, ಉಸಿರಿನ ಮಷಿನ್, ಅಲ್ಲೇ ಹೋಗುವುದು."

ಇನ್ನೊಂದು ಗೆರೆಯಲ್ಲಿ ನಕ್ಷತ್ರವೇ ಕೆಳಗಿರುತ್ತದೆ: "ಕೆಲವು ವಾರಕ್ಕೆ ನೋವು ತಗ್ಗಿ ಕುರ್ಚಿಗೆ ಎತ್ತಿ ಕೂರಿಸಬಹುದು, ನಡೆಯುವುದಿಲ್ಲ." ಉರುಟು: "ಹಾಸಿಗೆಯಲ್ಲೇ, ವಾರಗಳೋ ತಿಂಗಳೋ." ಚೌಕ: "ಮದ್ದಿಗೂ ಜಗ್ಗದ ನೋವು, ಹುಣ್ಣು."

ಆಮೇಲೆ ಪೆನ್ನು ಕೆಳಗಿಟ್ಟು ಕೇಳಬೇಕಾದ್ದು: "ಅಮ್ಮಾ, ಇದರಲ್ಲಿ ನಿಮಗೆ ಏನು ಕೈತಪ್ಪಬಾರದು?" ಒಬ್ಬರು "ನನ್ನ ಕೆಲಸಕ್ಕೆ ನಾನೇ ಹೋಗ್ಬೇಕು, ಅಷ್ಟೆ" ಅನ್ನುತ್ತಾರೆ. ಇನ್ನೊಬ್ಬರು "ನೋವಿಲ್ದಿದ್ರೆ ಸಾಕು, ಮಲಗಿದ್ರೂ ಪರವಾಗಿಲ್ಲ" ಅನ್ನುತ್ತಾರೆ. "ಮಷಿನ್ ಹಾಕ್ಬೇಡಿ" ಅನ್ನುವವರೂ ಇದ್ದಾರೆ. "ಮಗ ಹೇಳಿದಂತೆ" ಅಂದರೆ ಅದನ್ನೂ ಗೌರವಿಸಿ, ಆದರೆ "ಮಗನಿಗೆ ಏನು ಹೇಳಲಿ, ನಿಮ್ಮ ಮನಸ್ಸಲ್ಲಿ ಏನಿದೆ ಅಂತ" ಅಂತ ಇನ್ನೊಂದು ಸಲ ಕೇಳಿ. ಸುಮ್ಮನಿದ್ದರೆ ಸ್ವಲ್ಪ ಹೊತ್ತು ಸುಮ್ಮನಿರಿ. ಬಹಳ ಸಲ ಮಾತು ಆ ಮೌನದ ನಂತರವೇ ಬರುತ್ತದೆ.

ಕಡೆಗೆ ಡಾಕ್ಟರು ತಮ್ಮ ಸಲಹೆ ಹೇಳಲೇಬೇಕು. "ನೀವೇ ಡಿಸೈಡ್ ಮಾಡಿ" ಅಂತ ಭಾರ ಇಳಿಸಿ ಹೋಗುವುದು ಹಂಚಿಕೊಂಡ ತೀರ್ಮಾನ ಅಲ್ಲ.

ಸಿಸ್ಟರ್_ತುಮಕೂರು

ಮಾತಿಗೆ ಮುಂಚೆ ಅಜ್ಜಿಯ ಕಿವಿಯ ಮಷಿನ್, ಕನ್ನಡಕ, ಹಲ್ಲಿನ ಸೆಟ್ ವಾಪಸ್ ಕೊಡಿ. ಅಡ್ಮಿಷನ್ ಆದ ಕೂಡಲೇ "ಕಳೆದುಹೋಗುತ್ತೆ" ಅಂತ ಮನೆಗೆ ಕಳಿಸಿಬಿಟ್ಟಿರುತ್ತಾರೆ. ಕೇಳಿಸದವರನ್ನು "ಅರ್ಥ ಆಗಲ್ಲ" ಅಂತ ಬರೆದುಬಿಡುವುದು ನಡೆಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮಾತಾಡಿ, ಗಲಿಬಿಲಿ ಸಂಜೆ ಮೇಲೆ ಹೆಚ್ಚು. ಹೇಳಿದ್ದನ್ನು ಅವರ ಮಾತಲ್ಲೇ ತಿರುಗಿ ಹೇಳಿಸಿ: ಏನು ಮುರಿದಿದೆ, ಏನು ಮಾಡುತ್ತಾರೆ, ಮಾಡದಿದ್ದರೆ ಏನು. ಅಷ್ಟು ಹೇಳಿ ತನ್ನ ಆಯ್ಕೆಗೆ ಒಂದು ಕಾರಣ ಕೊಟ್ಟರೆ ತೀರ್ಮಾನ ಮಾಡುವ ಶಕ್ತಿ ಇದೆ ಅಂತಲೇ ಲೆಕ್ಕ. ತಾರೀಖು ತಪ್ಪು ಹೇಳಿದರೆ ಶಕ್ತಿ ಇಲ್ಲ ಅಂತ ಆಗುವುದಿಲ್ಲ.

ಉಪವಾಸದ ವಿಚಾರವನ್ನೂ ಸೇರಿಸುತ್ತೇನೆ. ಗಟ್ಟಿ ಊಟಕ್ಕೆ ಆರು ಗಂಟೆ, ನೀರಿಗೆ ಎರಡೇ ಗಂಟೆ. ರಾತ್ರಿ ಹತ್ತರಿಂದ ತೊಟ್ಟು ನೀರು ಕೊಡದೆ, ಪಟ್ಟಿಯಲ್ಲಿ ಕೊನೆಗೆ ಹಾಕಿ ಮಧ್ಯಾಹ್ನ ಮೂರಕ್ಕೆ ಒಯ್ದರೆ ಕಿಡ್ನಿಯೂ ಸೊರಗುತ್ತದೆ, ತಲೆಯೂ ಕೆಡುತ್ತದೆ. "ಮೊದಲ ಕೇಸ್ ಮಾಡಿ, ಇಲ್ಲವೇ ನೀರು ಯಾವಾಗಿನವರೆಗೆ ಕೊಡಬಹುದು ಬರೆದುಕೊಡಿ" ಅಂತ ಕೇಳುವುದು ಮನೆಯವರ ಹಕ್ಕು. ನಿದ್ದೆ ಬರಲಿಲ್ಲ ಅಂತ ಆಲ್‌ಪ್ರಜೋಲಮ್ ಬರೆಸಿಕೊಳ್ಳಬೇಡಿ, ಗಲಿಬಿಲಿ ಹೆಚ್ಚುತ್ತದೆ. ದಿನಾ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ತಿಳಿಸಿ, ಥಟ್ಟನೆ ನಿಲ್ಲಿಸಿದರೂ ಕಷ್ಟ.

ಐಸಿಯು_ರಾತ್ರಿಪಾಳಿ

ಆಪರೇಷನ್ನಿಗೆ ಒಪ್ಪಿಗೆ ಅಂದರೆ ಆಮೇಲಿನ ಎಲ್ಲದಕ್ಕೂ ಒಪ್ಪಿಗೆ ಅಂತ ಹಿಡಿಯುವುದೇ ದೊಡ್ಡ ಎಡವಟ್ಟು. ಐಸಿಯು ಮಾತು ಆಪರೇಷನ್ನಿಗೆ ಮುಂಚೆಯೇ, ಅಜ್ಜಿ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಆಗಬೇಕು. ರಾತ್ರಿ ಎರಡಕ್ಕೆ ಟ್ಯೂಬ್ ಕೈಯಲ್ಲಿ ಹಿಡಿದು "ಹಾಕೋದಾ ಬೇಡ್ವಾ" ಅಂತ ಕೇಳಿದರೆ ಯಾವ ಮಗನೂ "ಬೇಡ" ಅನ್ನಲಾರ.

ಬಿಡಿಸಿ ಕೇಳಬೇಕಾದವು ಬೇರೆ ಬೇರೆ: ಮುಖಕ್ಕೆ ಮಾಸ್ಕ್ ಹಾಕುವ ಬೈಪ್ಯಾಪ್, ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್, ಡಯಾಲಿಸಿಸ್, ಹೃದಯ ನಿಂತರೆ ಎದೆ ಒತ್ತುವುದು (ಸಿಪಿಆರ್). ಒಂದು ಬೇಕು, ಒಂದು ಬೇಡ ಅನ್ನಬಹುದು. ಎದೆ ಒತ್ತುವ ಬಗ್ಗೆ ಸಿನಿಮಾ ನೋಡಿ ಆಸೆ ಜಾಸ್ತಿ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಆಸ್ಪತ್ರೆಯೊಳಗೇ ಹೃದಯ ನಿಂತು ಸಿಪಿಆರ್ ಆದವರಲ್ಲಿ ಬದುಕಿ ಮನೆಗೆ ಹೋದವರು 70ರಿಂದ 79 ವಯಸ್ಸಿನಲ್ಲಿ ನೂರಕ್ಕೆ ಸುಮಾರು 19, 80ರ ದಶಕದಲ್ಲಿ 15, 90 ದಾಟಿದವರಲ್ಲಿ 12. ಬಳಲಿದ ಮೈಯವರಲ್ಲಿ ಇನ್ನೂ ಕಡಿಮೆ. ಪಕ್ಕೆಲುಬು ಮುರಿಯುವುದು ಸಾಮಾನ್ಯ.

"ಎಲ್ಲಾ ಮಾಡಿ" ಮತ್ತು "ಏನೂ ಬೇಡ" ಇವೆರಡರ ನಡುವೆ ಒಂದು ದಾರಿ ಇದೆ: ಗಡುವಿಟ್ಟ ಪ್ರಯತ್ನ. ಉದಾಹರಣೆಗೆ ಆಪರೇಷನ್ ಆದ ಮೂರನೇ ದಿನ ನ್ಯುಮೋನಿಯಾ ಆಯಿತು. 72 ಗಂಟೆ ವೆಂಟಿಲೇಟರ್, ಆಂಟಿಬಯೋಟಿಕ್, ಬಿದ್ದ ಬಿಪಿ ಏರಿಸಲು ನಾರ್‌ಅಡ್ರಿನಲಿನ್. ನಾಲ್ಕು ಗುರುತು ಮೊದಲೇ ಬರೆದಿಡಬೇಕು. ಮಷಿನ್ನಿನಿಂದ ಕೊಡಬೇಕಾದ ಆಮ್ಲಜನಕ 40%ಗೆ ಇಳಿಯಿತಾ? ನಾರ್‌ಅಡ್ರಿನಲಿನ್ ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ? ಮೂತ್ರ ಗಂಟೆಗೆ ಕೆಜಿಗೆ ಅರ್ಧ ಎಂಎಲ್, ಅಂದರೆ ಈ ಅಜ್ಜಿಗೆ ಸುಮಾರು 22 ಎಂಎಲ್ ಇದೆಯಾ? ನಿದ್ದೆಮದ್ದು ನಿಲ್ಲಿಸಿದರೆ ಕಣ್ಣು ಬಿಟ್ಟು ಹೇಳಿದ್ದು ಕೇಳುತ್ತಾರಾ? ಮೂರನೇ ದಿನ ಸಂಜೆ ನಾಲ್ಕಕ್ಕೆ ಮೀಟಿಂಗ್ ಅಂತ ಇವತ್ತೇ ಸಮಯ ಕೊಡಬೇಕು. ಸುಧಾರಿಸಿದರೆ ಮುಂದುವರಿಕೆ. ಎಲ್ಲ ಕೆಳಮುಖವಾದರೆ ಮಷಿನ್ ಹೆಚ್ಚಿಸದೆ ನೆಮ್ಮದಿಯ ಆರೈಕೆಗೆ ತಿರುಗುವುದು. ಎರಡರ ನಡುವೆ ಇದ್ದರೆ ಇನ್ನೊಂದು ಚಿಕ್ಕ ಗಡುವು, ಹೊಸ ಗುರುತುಗಳೊಂದಿಗೆ.

ಇದು ಕೆಡುವುದು ಎಲ್ಲಿ ಅಂದರೆ ಗಡುವು ಬಂದಾಗ ಯಾರೂ ಕೂರುವುದಿಲ್ಲ. ಪಾಳಿ ಬದಲಾಗಿರುತ್ತದೆ, ಹೊಸ ಕನ್ಸಲ್ಟೆಂಟ್‌ಗೆ ಗೊತ್ತಿರುವುದಿಲ್ಲ, ಹತ್ತನೇ ದಿನಕ್ಕೆ "ಗಂಟಲಿಗೆ ರಂಧ್ರ ಮಾಡೋಣ" ಅಂತ ಫಾರ್ಮ್ ಬರುತ್ತದೆ. ಅಷ್ಟರೊಳಗೆ ಮೈ ಕರಗಿರುತ್ತದೆ. ಗಂಭೀರ ರೋಗಿಗಳ ತೊಡೆಯ ಸ್ನಾಯು ಹತ್ತು ದಿನದಲ್ಲಿ ಸುಮಾರು 18% ಸಣ್ಣದಾಗುತ್ತದೆ ಅಂತ 2013ರಲ್ಲೇ ಅಳೆದು ತೋರಿಸಿದ್ದಾರೆ. ನಡೆಯಬೇಕು ಅಂತ ಆಪರೇಷನ್ನಿಗೆ ಒಪ್ಪಿದವರಿಗೆ ಈ ಲೆಕ್ಕ ಹೇಳದೆ ಇರಬಾರದು.

ಓದುಗ_ಶಿವಮೊಗ್ಗ

ಮಗ ಅಮೆರಿಕದಲ್ಲಿದ್ದು "ನಾನು ಬರುವವರೆಗೆ ಹೇಗಾದರೂ ಇಟ್ಟಿರಿ" ಅಂದರೆ? ಕಾನೂನಿನಲ್ಲಿ ಯಾರ ಸಹಿ ನಡೆಯುತ್ತದೆ?

ಕಾನೂನು_ಕಡತ

ಎಚ್ಚರವಿರುವ, ತಿಳಿವಳಿಕೆ ಇರುವ ವಯಸ್ಕರ ಪರವಾಗಿ ಬೇರೆಯವರ ಸಹಿ ನಡೆಯುವುದಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ತಾಯಿ ಕೊಟ್ಟ ಒಪ್ಪಿಗೆಯೂ ಸಾಲದಾಯಿತು. ಅಜ್ಜಿಯ ಹೆಬ್ಬೆಟ್ಟೋ ಸಹಿಯೋ ಬೇಕು, ಮಗನದ್ದು ಸಾಕ್ಷಿ ಜಾಗದಲ್ಲಿ.

ಅಜ್ಜಿಗೆ ಪ್ರಜ್ಞೆ ಇಲ್ಲದಾಗ ಜೀವಾಧಾರದ ಚಿಕಿತ್ಸೆ ನಿಲ್ಲಿಸುವ ಪ್ರಶ್ನೆ ಬಂದರೆ, ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು ಮತ್ತು 24 ಜನವರಿ 2023ರ ಅದರ ತಿದ್ದುಪಡಿ ಅನ್ವಯ. ಚಿಕಿತ್ಸೆ ನೀಡುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಸೇರಿ ಪ್ರಾಥಮಿಕ ಮಂಡಳಿ. ಆಮೇಲೆ ಬೇರೆ ಇಬ್ಬರು ತಜ್ಞರು, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಸೇರಿ ದ್ವಿತೀಯ ಮಂಡಳಿ. ಎರಡೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಒಪ್ಪಿಗೆ ಬೇಕು, ಜಾರಿಗೆ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದನ್ನು ಜಾರಿಗೊಳಿಸಲು ಕರ್ನಾಟಕ ಆರೋಗ್ಯ ಇಲಾಖೆ 30 ಜನವರಿ 2025ರಂದು ಸುತ್ತೋಲೆ ಹೊರಡಿಸಿದೆ. ಪತ್ರಿಕೆಗಳಲ್ಲಿ "ದಯಾಮರಣ" ಅಂತ ಬಂದರೂ ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂಗಡ ನಿರ್ದೇಶನ, ಅಂದರೆ ಮುಂದೆ ಪ್ರಜ್ಞೆ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನುವ ಪತ್ರ, ಮೊದಲೇ ಬರೆದಿಟ್ಟರೆ ಎಲ್ಲ ಸಲೀಸು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ತನ್ನ ಪರವಾಗಿ ಮಾತಾಡಲು ಕರ್ನಾಟಕದಲ್ಲಿ ಕನಿಷ್ಠ ಇಬ್ಬರ ಹೆಸರು ಬರೆಯಬೇಕು.

ಐಸಿಯು_ರಾತ್ರಿಪಾಳಿ

ದೂರದ ಮಗನ ಪ್ರಶ್ನೆಗೆ: ಆಪರೇಷನ್ ಅವರಿಗಾಗಿ ಕಾಯಬಾರದು. ಮೊದಲ ದಿನದ ಮಾತಿಗೇ ವಿಡಿಯೋ ಕಾಲ್‌ನಲ್ಲಿ ಕೂರಿಸಿ, ಹಾಳೆಯ ಫೋಟೋ ಕಳಿಸಿ. ಊರಲ್ಲಿರುವ ಮಗಳು ಒಂದು, ಫೋನಿನಲ್ಲಿರುವ ಮಗ ಇನ್ನೊಂದು ಕೇಳಿಸಿಕೊಂಡರೆ ಜಗಳ ಖಂಡಿತ. ಐಸಿಯುನಲ್ಲಿದ್ದಾಗ "ಬರುವವರೆಗೆ" ಅಂದರೆ ಎಷ್ಟು ಗಂಟೆ ಅಂತ ಕೇಳಿ. ಟಿಕೆಟ್ ಆಗಿದ್ದರೆ ಆ ವಿಮಾನದ ಹೊತ್ತನ್ನೇ ಗಡುವಾಗಿ ಇಟ್ಟುಕೊಂಡು, ಅಲ್ಲಿಯವರೆಗೆ ನೋವು, ಉಸಿರುಕಟ್ಟು ಇಲ್ಲದಂತೆ ನೋಡಿಕೊಳ್ಳುವುದಕ್ಕೆ ನಮ್ಮ ಒಪ್ಪಿಗೆ ಇದೆ.

ಫಿಸಿಯೋ_ಧಾರವಾಡ

ಒಂದ ಮಾತ ಬಿಟ್ಟೀರಿ. ಹಾಳಿ ಮ್ಯಾಲ "ಮರುದಿನ ನಿಲ್ತೀರಿ" ಅಂತ ಬರದ ಮ್ಯಾಲ ನಿಲ್ಲಸ್ಬೇಕ್ರಿ. ಬಾಲ್ ಹಾಕಿದ ಕಾಲಿನ ಮ್ಯಾಲ ಮರುದಿನಾನ ಪೂರ್ತಿ ಭಾರ ಹಾಕಬಹುದು, ಸರ್ಜನ್ ಬ್ಯಾಡ ಅಂತ ಬರದಿರಬಾರದು ಅಷ್ಟ. ಭಾನುವಾರ ಫಿಸಿಯೋ ಇಲ್ಲ ಅಂತ ಎರಡ ದಿನ ಮಲಗಿಸಿದ್ರ ನಕ್ಷತ್ರ ಕೆಳಗ ಇಳೀತೈತಿ. ಮನಿಯವರೂ "ಪಾಪ, ನೋವಾಗತೈತಿ" ಅಂತ ಹಾಸಿಗ್ಯಾಗ ಉಣಸ್ತಾರ. ಕುರ್ಚಿ ಮ್ಯಾಲ ಕೂಡಿಸಿ ಉಣಸ್ರಿ, ಮೂರೂ ಹೊತ್ತು. ಮನಿಗೆ ಹೋಗೂದ್ರೊಳಗ ಕಮೋಡ್ ಕುರ್ಚಿ, ಬಚ್ಚಲದಾಗ ಹಿಡಕೊಳ್ಳಾಕ ಗ್ವಾಡಿಗೆ ಹಿಡಿಕಿ ಆಗಿರ್ಬೇಕು. ನೆಲದ ಮ್ಯಾಲಿನ ಸಂಡಾಸದಾಗ ಕುಕ್ಕರಗಾಲಿಲೆ ಕೂತ್ರ ಬಾಲ್ ಜಾರಬಹುದು.

ಮೂಳೆ_ವಾರ್ಡ್

ಫಿಸಿಯೋ ಹೇಳಿದ್ದು ಸರಿ, ಮೊದಲೇ ಬರೆಯಬೇಕಿತ್ತು. ಖರ್ಚಿನ ಬಗ್ಗೆಯೂ ಒಂದು ಸಾಲು: ಎಸ್ಟಿಮೇಟ್ ಎರಡು ಕೇಳಿ, ಎಲ್ಲ ಸರಿಯಾದರೆ ಎಷ್ಟು, ಐಸಿಯುನಲ್ಲಿ ಒಂದು ವಾರ ಆದರೆ ಎಷ್ಟು. ಹಣದ ಮಾತನ್ನು ಮುಜುಗರ ಅಂತ ಬಿಟ್ಟರೆ ಅದು ಏಳನೇ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ತೀರ್ಮಾನ ಮಾಡಿಬಿಡುತ್ತದೆ.

ಸಿಸ್ಟರ್_ತುಮಕೂರು

ಆ ಹಾಳೆಯನ್ನು ಕೇಸ್ ಶೀಟಿನ ಮೊದಲ ಪುಟಕ್ಕೇ ಪಿನ್ ಮಾಡಿ, ತಾರೀಖು, ಸಮಯ, ಯಾರು ಯಾರು ಇದ್ದರು ಬರೆಯಿರಿ. ಅಜ್ಜಿ ಹೇಳಿದ ಮಾತನ್ನು ಅವರ ಪದದಲ್ಲೇ ಬರೆಯಿರಿ, ತರ್ಜುಮೆ ಮಾಡಬೇಡಿ. "ಮಷಿನ್ನಾಗೆ ಇಡಬ್ಯಾಡಿ, ಮನೇಗ್ ಕರ್ಕಂಡ್ ಹೋಗ್ಬಿಡಿ" ಅಂತ ಕನ್ನಡದಲ್ಲಿ ಬರೆದಿದ್ದರೆ ರಾತ್ರಿ ಪಾಳಿಗೆ ಹೊಸದಾಗಿ ಬಂದವರಿಗೂ ಅರ್ಥವಾಗುತ್ತದೆ. ವಾರ್ಡಿಂದ ಐಸಿಯುಗೆ ಕಳಿಸುವಾಗ ಫೈಲಿನ ಜೊತೆ ಆ ಪುಟ ಹೋಯಿತಾ ಅಂತ ಹ್ಯಾಂಡೋವರ್‌ನಲ್ಲಿ ಬಾಯಿಬಿಟ್ಟು ಕೇಳಿ, ಫೋಟೋಕಾಪಿ ಒಂದನ್ನು ಮನೆಯವರ ಕೈಲಿ ಕೊಡಿ.